ಎರಡನೇ ಅಲಗು

ಎರಡು ಕೈ. ಒಂದು ಕೆಟ್ಟರೆ ಇನ್ನೊಂದನ್ನೂ ಕೊಯ್ಯಬೇಕು. ಏನದು?

ತಲೆ ಕೆರೆದುಕೊಳ್ಳಬೇಡಿ, ನಿಮಗೆ ಬರೋದಿಲ್ಲ. ತಿಪ್ಪೇಶನಿಗೇ ಬರಲಿಲ್ಲ. ನಾಲ್ಕು ವರ್ಷದಿಂದ ಅವನು ಅದನ್ನೇ ಉಜ್ಜುತ್ತಾ ಕೂತಿದ್ದ.

ವೇದಾವತಿ ಹೊಳೆಯ ದಂಡೆಯಲ್ಲಿ ಚಿಕ್ಕ ವಿಮಾನಗಳು ಇಳಿಯುವ ಒಂದು ಮೈದಾನ. ಅದರ ಅಂಚಿಗೊಂದು ತಗಡಿನ ಶೆಡ್ಡು. ಅಲ್ಲಿ ಪ್ರೊಪೆಲ್ಲರ್ ರಿಪೇರಿ ಮಾಡುವ ಮೌನಾಚಾರ್ಯರು, ಅವರ ಶಿಷ್ಯ ತಿಪ್ಪೇಶ. ಗೋಡೆಯ ಮೇಲೆ ಎರಡೂ ತುದಿ ಕೊಯ್ದ ಹಳೇ ಪ್ರೊಪೆಲ್ಲರ್ ಒಂದು. ಅಲಂಕಾರಕ್ಕೆ ಹಾಕಿದ್ದಾರೆ ಅಂದುಕೊಂಡು ತಿಪ್ಪೇಶ ಪ್ರತಿ ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚುತ್ತಿದ್ದ.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ರಿಪೇರಿಯ ಚೀಟಿಗೆ ಸಹಿ ಹಾಕಿದವರೇ ಮೊದಲ ಹಾರಾಟಕ್ಕೆ ಪೈಲಟ್ ಜೊತೆ ಹತ್ತಬೇಕು. ಇಲ್ಲಿಯವರೆಗೆ ಸಹಿ ಹಾಕಿದ್ದೂ ಹತ್ತಿದ್ದೂ ಆಚಾರ್ಯರೇ. ತಿಪ್ಪೇಶನದು ಕೆಳಗೆ ನಿಂತು ಟಾಟಾ ಮಾಡುವ ಕೆಲಸ.

ಒಂದು ದಿನ ಪೈಲಟ್ ದೇಚಮ್ಮ ಬಂದರು.

“ಆಚಾರ್ರೇ, ಮೈದಾನ ಮುಗಿಯೋ ಹೊತ್ತಿಗೆ ಎದುರಿನ ಗುಡ್ಡ ಮೂಗಿಗೇ ಬರುತ್ತೆ. ವೇಗ ಕಡಿಮೆಯಾದರೂ ಚಿಂತೆಯಿಲ್ಲ. ಬೇಗ ಮೇಲೇಳೋ ಹಾಗೆ ಮಾಡಿಕೊಡಿ.”

“ಅಂದ್ರೆ ಪ್ರೊಪೆಲ್ಲರಿನ ಅಲಗುಗಳ ತಿರುವು ಕಡಿಮೆ ಮಾಡಬೇಕು. ತಿಪ್ಪೇಶ, ಇದು ಪೂರ್ತಿ ನಿಂದೇ.”

ತಿಪ್ಪೇಶ ಉಬ್ಬಿಹೋದ. ಎರಡೂ ಅಲಗನ್ನು ಯಂತ್ರಕ್ಕೆ ಕಚ್ಚಿಸಿ, ಇಷ್ಟಿಷ್ಟೇ ತಿರುಚಿ, ಗೇಣಿಗೊಂದು ಕಡೆ ಕೋನ ಅಳೆದ. ಎರಡರ ಲೆಕ್ಕವೂ ಕೂದಲೆಳೆಯಷ್ಟು ತಪ್ಪಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಒಂದು ಅಲಗಿನ ಅಂಚಿನಲ್ಲಿ ಕಲ್ಲು ಬಡಿದ ಕಚ್ಚು ಇತ್ತು. ಅರ ಹಿಡಿದು ಉಜ್ಜಿದ. ಕಚ್ಚು ಹೋಗಲಿಲ್ಲ. ಇನ್ನಷ್ಟು ಉಜ್ಜಿದ. ಕಚ್ಚು ಹೋಯಿತು. ಅದರ ಜೊತೆ ಅಲಗಿನ ಅಗಲವೂ ಹೋಯಿತು. ಅಳೆದು ನೋಡಿದರೆ ರಿಪೇರಿಯ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆ.

ಪ್ರೊಪೆಲ್ಲರನ್ನು ತಕ್ಕಡಿಗೆ ಏರಿಸಿದ. ಉಜ್ಜಿದ ಅಲಗು ಹಗುರಾಗಿ ಮೇಲಕ್ಕೆದ್ದಿತು. ತಿಪ್ಪೇಶ ಬಾಗಿಲ ಕಡೆ ನೋಡಿದ. ಗುರುಗಳಿರಲಿಲ್ಲ. ಆ ಅಲಗಿನ ತುದಿಗೆ ಒಂದು ಸಲ ಬಣ್ಣ ಬಳಿದ. ಮತ್ತೊಂದು ಸಲ. ಮೂರನೇ ಸಲಕ್ಕೆ ಪ್ರೊಪೆಲ್ಲರ್ ಸಾಧುವಿನ ಹಾಗೆ ಅಲುಗಾಡದೆ ಸಮನಾಗಿ ನಿಂತಿತು.

ಮರುದಿನ ಬೆಳಿಗ್ಗೆ ಅದನ್ನು ವಿಮಾನಕ್ಕೆ ಕೂರಿಸಿದರು. ಆಚಾರ್ಯರು ಅಲಗಿನ ತುದಿಯನ್ನು ಒಮ್ಮೆ ಮೂಸಿದರು. ಜೇಬಿನಿಂದ ಪೆನ್ನು ತೆಗೆದು ತಿಪ್ಪೇಶನ ಮುಂದೆ ಹಿಡಿದರು.

“ಸಹಿ ಹಾಕು.”

“ನಾನಾ?”

“ಕೆಲಸ ನಿಂದು ತಾನೇ?”

ನಾಲ್ಕು ವರ್ಷದಿಂದ ಕಾಯುತ್ತಿದ್ದ ಸಹಿ. ಹೆಸರು ಹುಳ ಹರಿದ ಹಾಗೆ ಬಂತು.

ದೇಚಮ್ಮ ಆಗಲೇ ಒಳಗೆ ಕೂತಿದ್ದರು. “ಹತ್ತಿ ಇಂಜಿನಿಯರ್ ಸಾಹೇಬ್ರೇ! ನಿಮ್ಮ ಊರಿನ ಮೇಲೇ ಒಂದು ಸುತ್ತು ಹಾಕಿಸ್ತೀನಿ. ನಿಮ್ಮಮ್ಮ ಕೈ ಬೀಸಲಿ.”

ತಿಪ್ಪೇಶ ಒಂದು ಕಾಲು ಮೇಲಿಟ್ಟ. ಇನ್ನೊಂದು ಕಾಲು ನೆಲ ಬಿಡಲಿಲ್ಲ.

“ಗುರುಗಳೇ, ಯಾಕೋ ಹೊಟ್ಟೆ ನೋವು.”

“ಬೆಳಿಗ್ಗೆ ಏನು ತಿಂದೆ?”

“ಚಿತ್ರಾನ್ನ.”

“ನಾನೂ ಅದನ್ನೇ ತಿಂದೆ. ನನಗೇನೂ ಆಗಿಲ್ಲ.”

ತಿಪ್ಪೇಶ ಕಾಲು ಕೆಳಗಿಳಿಸಿದ. “ಅಕ್ಕಾ, ನೀವೂ ಇಳೀರಿ. ಅಂಚು ಜಾಸ್ತಿ ಉಜ್ಜಿಬಿಟ್ಟಿದ್ದೀನಿ. ಬಣ್ಣ ಬಳಿದು ತೂಕ ಸರಿಮಾಡಿದ್ದೀನಿ. ಅಲಗು ಮುರಿದರೂ ಮುರೀಬಹುದು.”

ದೇಚಮ್ಮ ಇಳಿದರು. ನಗು ಇಳಿದುಹೋಗಿತ್ತು. ತಿಪ್ಪೇಶನ ಮುಖ ಒಮ್ಮೆ, ಗುಡ್ಡ ಒಮ್ಮೆ ನೋಡಿದರು. ಏನೂ ಬೈಯದೆ ಹೋಗಿ ಬೇವಿನ ಮರದ ಕೆಳಗೆ ಕೂತರು. ಬೈದಿದ್ದರೇ ವಾಸಿಯಿತ್ತು.

ಆಚಾರ್ಯರು ಕೇಳಿದರು: “ನಿನ್ನೆ ಬಣ್ಣ ಬಳಿಯುವಾಗ, ಇವತ್ತು ಯಾರು ಹತ್ತುತ್ತಾರೆ ಅಂದುಕೊಂಡಿದ್ದೆ?”

ತಿಪ್ಪೇಶ ಬೆರಳಿಗೆ ಅಂಟಿದ್ದ ಬಣ್ಣವನ್ನು ಉಗುರಿನಿಂದ ಕೆರೆದ.

“ಹೇಳೋ.”

“ನೀವು.”

“ಆಗ ಹೊಟ್ಟೆ ನೋಯಲಿಲ್ಲ?”



ಆಚಾರ್ಯರು ಪ್ರೊಪೆಲ್ಲರ್ ಬಿಚ್ಚಿಸಿದರು. ಗರಗಸ ತಂದು ಅವನ ಕೈಗೆ ಕೊಟ್ಟರು. “ಕೊಯ್ಯಿ.”

ಅಲ್ಯೂಮಿನಿಯಂ ಕಿರುಗುಟ್ಟಿತು. ಉಜ್ಜಿದ ಅಲಗಿನ ತುದಿ ತುಂಡಾಗಿ ನೆಲಕ್ಕೆ ಬಿತ್ತು. ತಿಪ್ಪೇಶ ಬೆವರು ಒರೆಸಿಕೊಂಡ.

“ಇನ್ನೊಂದು.”

“ಗುರುಗಳೇ, ಇದು ಚೆನ್ನಾಗಿದೆಯಲ್ಲ!”

“ಚೆನ್ನಾಗಿರೋ ಅರ್ಧ ನೋಡಿ ಯಾರಾದರೂ ಪೂರ್ತಿಯನ್ನ ನಂಬಿಬಿಡ್ತಾರೆ. ಕೊಯ್ಯಿ.”

ಕೊಯ್ದ. ಒಗಟಿನ ಉತ್ತರ ನಿಮಗೂ ಸಿಕ್ಕಿತು, ಅವನಿಗೂ ಸಿಕ್ಕಿತು. ದೇಚಮ್ಮನವರ ವಿಮಾನ ಹೊಸ ಪ್ರೊಪೆಲ್ಲರ್ ಬರುವವರೆಗೆ ಮೂರು ವಾರ ಮೂಗಿಲ್ಲದೆ ನಿಂತಿತು.

ನಡೆದದ್ದು ಇಷ್ಟೇ. ಆಮೇಲೆ ಆಚಾರ್ಯರು ಟೀ ಕುಡಿದು ಮಲಗಿದರು. ಟೀ ಕುಡಿದು ಮಲಗಿದರು ಅಂತ ಕಥೆ ಮುಗಿಸಿದರೆ ನೀವು ಸುಮ್ಮನಿರುತ್ತೀರಾ? ಅದಕ್ಕೇ ಇಲ್ಲಿಂದ ಮುಂದಿನದು ನಾನೇ ಕಟ್ಟಿದ್ದು. ಸುಳ್ಳು ಅಂತ ಆಚಾರ್ಯರು ಇದುವರೆಗೂ ಹೇಳಿಲ್ಲ.

ತಿಪ್ಪೇಶ ಕೊಯ್ದ ಪ್ರೊಪೆಲ್ಲರನ್ನು ಗುಜರಿಗೆ ಹಾಕಲು ಹೊತ್ತುಕೊಂಡ.

“ಅಲ್ಲಿ ಬೇಡ,” ಎಂದರು ಆಚಾರ್ಯರು. ಗೋಡೆಗೆ ಒಂದು ಮೊಳೆ ಹೊಡೆದರು. ಹಳೇ ಪ್ರೊಪೆಲ್ಲರಿನ ಪಕ್ಕದಲ್ಲೇ.

ತಿಪ್ಪೇಶ ಅವೆರಡನ್ನೂ ನೋಡಿದ. ಒಂದೇ ಥರ ಕೊಯ್ದ ತುದಿಗಳು.

“ಗುರುಗಳೇ, ಅದು ಯಾರದು?”

“ನಂದೇ.”

“ನಿಮಗೂ ಹೊಟ್ಟೆ ನೋವು ಬಂದಿತ್ತಾ?”

“ಹತ್ತಿದ್ದು ನಮ್ಮ ಗುರುಗಳು,” ಎಂದರು ಆಚಾರ್ಯರು. “ನಾನು ಬಾಯಿ ಬಿಟ್ಟಿದ್ದು ಅವರು ಇಳಿದ ಮೇಲೆ ಕಣೋ.”