ಉಬ್ಬುಗೆರೆಯ ನಕ್ಷೆ

ಶಿಷ್ಯ ಕೇಳಿದ: "ಗುರುಗಳೇ, ತಮ್ಮನಿಗೆ ಒಂದು ಮಾತು ಅಂದೆ. ಅವನು ನೊಂದುಕೊಂಡ. ಸರಿಮಾಡೋಣವೆಂದು ಹೋಗಿ ವಿವರಿಸಿದೆ. ವಿವರಿಸಿದಷ್ಟೂ ಕೆಡುತ್ತಿದೆ. ಮೊದಲಿನಂತಾಗಲು ಇನ್ನೇನು ಹೇಳಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮುದ್ರಕನಿದ್ದ. ಅಂಧ ಮಕ್ಕಳ ಶಾಲೆಗೆ ಬ್ರೈಲ್ ಪ್ರಶ್ನೆಪತ್ರಿಕೆ ಅಚ್ಚುಹಾಕಿ ಕೊಡುವುದು ಅವನ ಕೆಲಸ. ಅವನ ಕಂಪ್ಯೂಟರು ಲಿನಕ್ಸ್ ಎಂಬ ತಂತ್ರಾಂಶದಲ್ಲಿ ನಡೆಯುತ್ತಿತ್ತು. ಹೇಳಿದ್ದನ್ನು ಹೇಳಿದಂತೆ ಮಾಡುತ್ತಿತ್ತು. ಆದರೆ ಅದಕ್ಕೆ ಅಕ್ಷರ ಬರುತ್ತಿತ್ತೇ ಹೊರತು ಚಿತ್ರ ಬರುತ್ತಿರಲಿಲ್ಲ.

ಹೊಸ ಅಪ್‌ಡೇಟ್ ಹಾಕಿಕೊಂಡರೆ ನಕ್ಷೆಯನ್ನೂ ಉಬ್ಬುಗೆರೆಗಳಲ್ಲಿ ಅಚ್ಚುಹಾಕಬಹುದೆಂದು ಅವನು ಓದಿದ. ಹಿಗ್ಗಿಹೋದ. ಶಾಲೆಗೆ ಹೋಗಿ, ಈ ಸಲದ ಪರೀಕ್ಷೆಯಲ್ಲಿ ನದಿಗಳನ್ನು ಬೆರಳಿನಿಂದ ಮುಟ್ಟಿ ಗುರುತಿಸುವಿರಂತೆ ಎಂದು ಮಕ್ಕಳಿಗೆ ಮಾತು ಕೊಟ್ಟುಬಂದ. ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅಪ್‌ಡೇಟ್ ಹಾಕಿದ. ಕಂಪ್ಯೂಟರು ಆರಿತು, ಮತ್ತೆ ಶುರುವಾಯಿತು. ಆಮೇಲೆ ಬರೀ ಕಪ್ಪು ಪರದೆ.

ಪತ್ರಿಕೆ ತಲುಪದಿದ್ದರೆ ಆ ಮಕ್ಕಳ ಒಂದು ವರ್ಷವೇ ಹೋಗುವುದು. ಮುದ್ರಕ ಫೋನಿನಲ್ಲಿ ಹುಡುಕಿ, ಯಾರೋ ಬರೆದಿದ್ದ ಆಜ್ಞೆಗಳನ್ನು ಟೈಪು ಮಾಡಿದ. ಪರದೆ ಬಂತು, ಮುದ್ರಣಯಂತ್ರ ಕೈಕೊಟ್ಟಿತು. ಅದನ್ನು ಎಬ್ಬಿಸಲು ಇನ್ನೊಂದು ಆಜ್ಞೆ ಕೊಟ್ಟ. ಕನ್ನಡ ಲಿಪಿಯೇ ಹೋಯಿತು. ಊಟದ ನೆನಪಾಗಲಿಲ್ಲ. ಅವಸರದಲ್ಲಿ ಅಕ್ಷರ ತಪ್ಪುತ್ತಿತ್ತು.

ಅಪ್‌ಡೇಟಿಗೆ ಮುನ್ನ ಯಂತ್ರವು ತನ್ನ ಹಳೆಯ ಸ್ಥಿತಿಯ ಒಂದು ನಕಲನ್ನು ತೆಗೆದಿಟ್ಟುಕೊಂಡಿತ್ತು. ಶುರುವಾಗುವಾಗಲೆಲ್ಲ ಹೊಸದು ಬೇಕೋ ಹಳೆಯದು ಬೇಕೋ ಎಂದು ಎರಡು ಸಾಲು ತೋರಿಸುತ್ತಿತ್ತು. ಹಳೆಯದನ್ನು ಒತ್ತಿದರೆ ನಿನ್ನೆಯ ಯಂತ್ರ ನಿನ್ನೆಯಂತೆಯೇ ಏಳುವುದು. ಮುದ್ರಕನಿಗೆ ಅದು ಗೊತ್ತಿತ್ತು. ಆದರೂ ಪ್ರತಿ ಸಲ ಹೊಸದನ್ನೇ ಒತ್ತುತ್ತಿದ್ದ. ನಿನ್ನೆಯ ಯಂತ್ರಕ್ಕೆ ನಕ್ಷೆ ಬರುವುದಿಲ್ಲವಲ್ಲ.

ಸಂಜೆ ಶಾಲೆಯ ಮುಖ್ಯೋಪಾಧ್ಯಾಯಿನಿ ಪತ್ರಿಕೆಗಳನ್ನು ಒಯ್ಯಲು ಬಂದರು. ಮೇಜು ಖಾಲಿಯಿತ್ತು. ಮುದ್ರಕ ನಡೆದದ್ದನ್ನೆಲ್ಲ ಹೇಳಿ, ಇನ್ನೊಂದು ಉಪಾಯ ಉಳಿದಿದೆ, ಸ್ವಲ್ಪ ಹೊತ್ತು ಕೊಡಿ ಎಂದು ಬೇಡಿಕೊಂಡ.

"ಹಳೇದಕ್ಕೇ ವಾಪಸ್ ಹೋಗೋಕೆ ಆಗುತ್ತೇನ್ರೀ?"

"ಆಗುತ್ತೆ ಮೇಡಂ. ನಕ್ಷೆ ಬರೋಲ್ಲ ಅಷ್ಟೇ. ಮಕ್ಕಳಿಗೆ ಯಾವ ಮುಖ ತೋರಿಸಲಿ?"

"ನಿಮ್ಮ ಮುಖಾನ ಆ ಮಕ್ಕಳು ಯಾವತ್ತು ನೋಡಿದಾವೆ ಮಾರಾಯರೇ? ನಕ್ಷೆ ಇಲ್ಲದೆ ಪರೀಕ್ಷೆ ಬರೀತಾವೆ. ಪತ್ರಿಕೆನೇ ಇಲ್ಲದೆ ಏನು ಬರೀಲಿ?"

ಮುದ್ರಕ ತಲೆ ತಗ್ಗಿಸಿ ಹಳೆಯ ಸಾಲನ್ನು ಒತ್ತಿದ. ಕಂಪ್ಯೂಟರು ಎದ್ದಿತು. ಮುದ್ರಣಯಂತ್ರ ಟಕಟಕನೆ ಕಾಗದ ಚುಚ್ಚತೊಡಗಿತು. ನಕ್ಷೆಯ ಪ್ರಶ್ನೆಯನ್ನು ಮುಖ್ಯೋಪಾಧ್ಯಾಯಿನಿ ಅಲ್ಲೇ ಕುಳಿತು ಬದಲಿಸಿದರು. ಮರುದಿನ ಮುದ್ರಕನೇ ಶಾಲೆಗೆ ಹೋಗಿ, ಕೊಟ್ಟ ಮಾತು ನಡೆಸಲಾಗಲಿಲ್ಲ ಎಂದು ಮಕ್ಕಳಿಗೆ ಹೇಳಿದ. ಮಕ್ಕಳು ಪರೀಕ್ಷೆ ಬರೆದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ತಾನು ತಮ್ಮನಿಗೆ ಅಂದದ್ದರಲ್ಲಿ ನಿಜವೂ ಇತ್ತು, ಅದೊಂದನ್ನು ಮಾತ್ರ ಅವನು ಒಪ್ಪುವಂತೆ ಹೇಳುವುದು ಹೇಗೆ ಎಂದು ಮತ್ತೆ ಕೇಳಿದ.

"ಆ ಮಾತು ಉಳಿಯಬೇಕೋ, ತಮ್ಮ ಉಳಿಯಬೇಕೋ?" ಎಂದರು ಗುರುಗಳು.

ಶಿಷ್ಯ ಎದ್ದು, ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ತಮ್ಮನ ಬಳಿಗೆ ಹೊರಟ.