ಬಿತ್ತುವವಳ ಕೈ

“ಗುರುಗಳೇ, ‘ಮನಸ್ಸಿನ ಕಪ್ಪನ್ನು ತೊಳೆದುಕೊಳ್ಳಿ’ ಎಂದು ನಿನ್ನೆ ಪ್ರವಚನದಲ್ಲಿ ಹೇಳಿದೆ. ಸಿದ್ದಿ ಕೇರಿಯಿಂದ ಬಂದಿದ್ದ ನಾಲ್ಕು ಜನ ಎದ್ದು ಹೋದರು. ಕಪ್ಪು ಎಂದರೆ ಕೆಡುಕು ಎಂದಷ್ಟೇ ನನ್ನ ಅರ್ಥ. ಯಾರ ಮೈಬಣ್ಣವೂ, ಯಾರ ಕುಲವೂ ನನ್ನ ಮನಸ್ಸಿನಲ್ಲಿರಲಿಲ್ಲ. ನಾನು ಅನ್ನದೇ ಇದ್ದದ್ದು ಅವರಿಗೆ ಹೇಗೆ ಕೇಳಿಸಿತು?” ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ನಕ್ಕರು. “ಭಲೇ! ತಪ್ಪೆಲ್ಲ ಕೇಳಿಸಿಕೊಂಡವರದ್ದು ಅನ್ನು. ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದರು.

ಒಬ್ಬ ರೈತ ಇದ್ದ. ಅವನ ಎತ್ತುಗಳೆರಡೂ ಹಾಲಿನಂಥ ಬಿಳಿ. ಆದರೆ ಎತ್ತು ನಿಂತಿತೋ, ಅಡ್ಡ ಸರಿಯಿತೋ, ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಬೈಗುಳ: “ಏ ಕರಿಮೋರೆಯದೇ!” ಬಿಳಿ ಎತ್ತಿಗೆ ಕರಿಮೋರೆ ಎಲ್ಲಿಂದ ಬಂತಪ್ಪ ಎಂದು ಅವನೂ ಕೇಳಿಕೊಳ್ಳಲಿಲ್ಲ, ಊರೂ ಕೇಳಲಿಲ್ಲ. ಅವನ ಅಪ್ಪನೂ ಹಾಗೇ ಬೈಯುತ್ತಿದ್ದ.

ಆ ವರ್ಷ ಬಿತ್ತನೆಗೆ ಅವನು ಗಿರಿಜಿ ಎಂಬ ಸಿದ್ದಿ ಹೆಣ್ಣುಮಗಳನ್ನು ಮೊದಲ ಸಲ ಕರೆದ. ಅವಳ ಹಿರಿಯರನ್ನು ಯಾವುದೋ ಕಾಲದಲ್ಲಿ ಕಡಲಾಚೆಯಿಂದ ಹಿಡಿದು ತಂದಿದ್ದರು. ಮೈ ಕಪ್ಪು, ಕೂದಲು ಗುಂಗುರು. ರೈತ ಕೂರಿಗೆ ಹೊಡೆದರೆ ಅವಳು ಜೊತೆಯಲ್ಲೇ ನಡೆಯುತ್ತಾ ಮುಷ್ಟಿಯಿಂದ ಭತ್ತದ ಕಾಳನ್ನು ಕೂರಿಗೆಯ ಬಟ್ಟಲಿಗೆ ಬಿಡಬೇಕು; ಅಲ್ಲಿಂದ ಅದು ಕೊಳವೆಯಲ್ಲಿ ಇಳಿದು ಸಾಲಿಗೆ ಬೀಳುತ್ತದೆ. ಮುಷ್ಟಿ ಎರಡು ಹೆಜ್ಜೆ ನಿಂತರೆ ಎರಡು ಹೆಜ್ಜೆ ನೆಲ ಬರಿದು. ಗಿರಿಜಿಯ ಮುಷ್ಟಿ ನಿಂತದ್ದೇ ಇಲ್ಲ ಎಂದು ಸುತ್ತಲ ಹತ್ತು ಹಳ್ಳಿ ಹೇಳುತ್ತಿತ್ತು. ಆ ಹೆಸರೇ ಅವಳ ಅನ್ನ.

ಎಂಟು ದಿನಕ್ಕೆ ಮೊಳಕೆ ಬಂತು. ನೋಡಿದರೆ ಸಾಲುಗಳಲ್ಲಿ ಅಲ್ಲಲ್ಲಿ ಬಾಚಣಿಗೆಯ ಹಲ್ಲು ಮುರಿದ ಹಾಗೆ ಖಾಲಿ ಜಾಗ. ರೈತನಿಗೆ ಸಿಟ್ಟು ಬಂತು. ಗಿರಿಜಿಯನ್ನು ಗದ್ದೆಗೆ ಕರೆಸಿದ.

“ಇದೇನಾ ನಿನ್ನ ಹೆಸರುವಾಸಿ ಕೈ? ಇನ್ನು ಈ ಸೀಮೆಯಲ್ಲಿ ಯಾರೂ ನಿನ್ನನ್ನು ಬಿತ್ತನೆಗೆ ಕರೆಯದ ಹಾಗೆ ಮಾಡುತ್ತೇನೆ.”

ಗಿರಿಜಿ ಖಾಲಿ ಜಾಗಗಳನ್ನು ಒಂದೊಂದಾಗಿ ತೋರಿಸಿದಳು. “ಇಲ್ಲಿ ಎತ್ತು ಬೇರಿಗೆ ಎಡವಿತು, ಕರಿಮೋರೆ ಅಂದಿರಿ. ಇಲ್ಲಿ ಬದುವಿನ ಹುಲ್ಲಿಗೆ ಬಾಯಿ ಹಾಕಿತು, ಕರಿಮೋರೆ ಅಂದಿರಿ. ಅಲ್ಲಿ ಸುಮ್ಮನೆ ನಿಂತಿತು. ಅಲ್ಲೂ ಅಂದಿರಿ.”

“ಕುಣಿಯಲಾರದವಳಿಗೆ ನೆಲ ಡೊಂಕು! ನಾನು ಬೈದದ್ದು ಎತ್ತಿಗಲ್ಲವೇನೇ?”

“ಎತ್ತಿಗೇ ಅಂತ ನನಗೂ ಗೊತ್ತು ಒಡೆಯಾ. ಕೈಗೆ ಗೊತ್ತಾಗಲಿಲ್ಲ. ಚಿಕ್ಕಂದಿನಿಂದ ಜನ ನನಗೇ ಆ ಮಾತು ಅಂದದ್ದನ್ನು ಕೇಳಿ ಕೇಳಿ, ಕೇಳಿದಾಗೆಲ್ಲ ಮುಷ್ಟಿ ತಾನಾಗಿ ಬಿಗಿಯುತ್ತದೆ. ಬೇರೆಯವರ ಗದ್ದೆಯಲ್ಲಿ ಎತ್ತಿಗೆ ಯಾರೂ ಹಾಗೆ ಅನ್ನುತ್ತಿರಲಿಲ್ಲ.”

ರೈತ ಸಾಲುದ್ದಕ್ಕೂ ಇನ್ನೊಮ್ಮೆ ನಡೆದ. ಬೇರಿನ ಹತ್ತಿರ ನಿಂತ, ಬದುವಿನ ಹತ್ತಿರ ನಿಂತ. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವನಿಗೆ ಬಹಳ ನಾಚಿಕೆಯಾಯಿತು.

“ತಪ್ಪಾಯಿತು ತಾಯಿ. ನೆಲದಲ್ಲಿ ಇನ್ನೂ ಹದ ಇದೆ. ಖಾಲಿ ಬಿದ್ದಲ್ಲಿ ಕಾಳು ಊರೋಣ. ಕೆಳಗಿನ ಗದ್ದೆಯೂ ಬಾಕಿ ಇದೆ. ಬರುತ್ತೀಯಾ?” ಎಂದ.

ಅವಳು ಸೆರಗು ಬಿಗಿದು ಕಾಳಿಗೆ ಕೈ ಚಾಚಿದಳು.

ಮರುದಿನ ಕೆಳಗಿನ ಗದ್ದೆಗೆ ಕೂರಿಗೆ ಹೂಡಿದರು. ನಡುಗದ್ದೆಯಲ್ಲಿ ಎತ್ತು ನಿಂತೇಬಿಟ್ಟಿತು. ಹಳೆಯ ಮಾತು ರೈತನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡನೇನೋ ಸರಿ, ಬೇರೆ ಬೈಗುಳ ಹೊಳೆಯಬೇಕಲ್ಲ! ಪಾಪ, ಒದ್ದಾಡಿ ಒದ್ದಾಡಿ ಕೊನೆಗೆ “ಏ ಸೋಮಾರೀ!” ಎಂದ. ಗಿರಿಜಿ ಗೊಳ್ಳೆಂದು ನಕ್ಕಳು. ನಿಜ ಹೇಳಬೇಕೆಂದರೆ ಆ ಎತ್ತು ಸೋಮಾರಿಯೇ. ಎಂಟು ದಿನ ಕಳೆದು ನೋಡಿದರೆ ಆ ಗದ್ದೆಯಲ್ಲಿ ಒಂದು ಗೇಣು ನೆಲವೂ ಖಾಲಿ ಇರಲಿಲ್ಲ. ಮುಂದಿನ ವರ್ಷ ರೈತ ತಾನೇ ಅವಳ ಕೇರಿಗೆ ಹೋಗಿ, ಎಲೆ ಅಡಿಕೆ ಕೊಟ್ಟು ಬಿತ್ತನೆಗೆ ಕರೆದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ತಲೆ ಕೆರೆದುಕೊಂಡ.

“ಆದರೂ ಗುರುಗಳೇ, ಎತ್ತಿಗೆ ಬೈಯುವಾಗ ಆ ರೈತನ ಮನಸ್ಸಿನಲ್ಲಿ ಗಿರಿಜಿ ಇರಲೇ ಇಲ್ಲವಲ್ಲ?”

“ಇರಲಿಲ್ಲ ಕಣಪ್ಪ, ಬೀಜ ಮಾತ್ರ ಅವಳ ಕೈಯಲ್ಲಿತ್ತು.”