ಫೌಜದಾರರು ಹಾಡಿದ ಗೀಗೀ ಪದ

ಪಂಚಾಯ್ತಿ ಅಧ್ಯಕ್ಷರು ಊರ ಕೆರೆಗೆ ತಂತಿಬೇಲಿ ಬಿಗಿದು ಮೀನು ಸಾಕತೊಡಗಿದರು. ಫಕೀರವ್ವನ ಎಮ್ಮೆಗಳಿಗೆ ನೀರಿಲ್ಲದಂತಾಯಿತು. ಅವಳು ಒಂದು ಗೀಗೀ ಪದ ಕಟ್ಟಿದಳು. ಪದ ಊರೆಲ್ಲ ಹಬ್ಬಿತು.

ಸಂತೆಯ ದಿನ ಪಂಚಾಯ್ತಿ ಮುಂದೆ ಅವಳು ದಪ್ಪು ಹಿಡಿದು ನಿಂತಳು. ಸೊಲ್ಲು ಹಿಡಿಯಲು ಹಿಂದೆ ಇಬ್ಬರು ತಂಗಿಯರು. ಅಷ್ಟರಲ್ಲಿ ಫೌಜದಾರರ ಜೀಪು ಬಂತು.

"ಏ ಮುದುಕಿ, ಆ ಪದ ಹಾಡಿದ್ರ ಒಳಗ ಹಾಕ್ತೀನಿ!"

"ಆತ್ರೀ ಸಾಹೇಬ್ರ. ನನಗ ಪದ ಭಾಳ ಬರ್ತಾವ. ಯಾವುದು ಹಾಡಬಾರದು, ಎಲ್ಲಾರಿಗೂ ಕೇಳೂಹಂಗ ಹೇಳಿಬಿಡ್ರಿ."

ಫೌಜದಾರರು ಗಂಟಲು ಸರಿಮಾಡಿಕೊಂಡರು. ಆ ಪದದ ಧಾಟಿಯೇ ಹಾಗೆ, ಹೇಳಹೋದವರು ಹಾಡಿಯೇ ಬಿಡುತ್ತಾರೆ.

"ಕೆರೀಗೆ ಬೇಲಿ ಹಾಕ್ಯಾರ, ನಮ್ಮ ಎಮ್ಮಿ ಬಾಯಿ ಒಣಗಿಸ್ಯಾರ..."

ಮುಂದಿನವರು ಸಾಲು ಮುಗಿಸಿದರೆ ಹಿಂದಿನವರು ಸೊಲ್ಲು ಎತ್ತಲೇಬೇಕು, ಅದು ಮೇಳದ ರೂಢಿ. "ಗೀಯ ಗೀಯ ಗಾಗಿಯ ಗೀಯ!" ಎಂದರು ತಂಗಿಯರು. ಇಡೀ ಸಂತೆ ದನಿಗೂಡಿಸಿತು.

ಅಧ್ಯಕ್ಷರು ಒಳಗಿನಿಂದ ಓಡಿಬಂದರು. "ಯಾವನವ ಹಾಡಾಂವ? ಹಿಡೀರಿ ಅವನ್ನ!"

"ಬ್ಯಾಡ್ರಿ, ದನಿ ಛಲೋ ಐತಿ," ಎಂದಳು ಫಕೀರವ್ವ.

ಫೌಜದಾರರಿಗೂ ನಗು ತಡೆಯಲಾಗಲಿಲ್ಲ. "ಅಧ್ಯಕ್ಷರ, ಇವತ್ತ ಬೇಲಿ ತಗಸ್ರಿ. ಇಲ್ಲಂದ್ರ ಎರಡನೇ ನುಡಿನೂ ನಾನ ಹಾಡಬೇಕಾಗ್ತದ."